ಶಲ್ಯ ತೆಗೆಯದ ನೆಲ

ಗುಡಿ ಕಟ್ಟುವ ಮೊದಲು ನೆಲವನ್ನು ಶೋಧಿಸಬೇಕು ಎನ್ನುತ್ತದೆ ನಮ್ಮ ವಾಸ್ತುಶಾಸ್ತ್ರ. ಅಗೆಯುವಾಗ ಮೂಳೆ, ಕೂದಲು, ಇದ್ದಿಲು, ತುಕ್ಕು ಹಿಡಿದ ಕಬ್ಬಿಣ ಏನೇ ಸಿಗಲಿ, ಎತ್ತಿ ಹೊರಗೆ ಹಾಕಬೇಕು. ಇದಕ್ಕೆ ಶಲ್ಯೋದ್ಧಾರ ಎನ್ನುತ್ತಾರೆ. ಶಲ್ಯ ಉಳಿದ ಜಾಗದಲ್ಲಿ ದೇವರು ನಿಲ್ಲುವುದಿಲ್ಲ, ಅಲ್ಲಿ ಮನೆ ಕಟ್ಟಿಕೊಂಡವರು ಉದ್ಧಾರವಾಗುವುದಿಲ್ಲ ಎಂಬ ನಂಬಿಕೆ. ನಮ್ಮೂರ ಗುಡಿಯ ಜೀರ್ಣೋದ್ಧಾರದ ಹೊತ್ತಿಗೆ, ಪಾಯ ತೋಡುವಾಗ ದನದ ದವಡೆ ಮೂಳೆಯೊಂದು ಸಿಕ್ಕಿತೆಂದು ಕೆಲಸ ನಿಲ್ಲಿಸಿ, ಪ್ರಾಯಶ್ಚಿತ್ತದ ಹೋಮ ಮಾಡಿಸಿ, ಆಮೇಲೆ ಮುಂದುವರಿದದ್ದನ್ನು ನಾನೇ ಕಂಡಿದ್ದೇನೆ. ಹೋಮದ ಖರ್ಚು ಊರವರೆಲ್ಲರ ಮೇಲೆ ಬಿತ್ತು, ಭೋಜನ ಮಾತ್ರ ಕೆಲವರಿಗೇ ಆಯಿತು ಎನ್ನುವುದು ಬೇರೆ ಮಾತು.

ದಕ್ಷಿಣ ಆಫ್ರಿಕಾದವರು ತಮ್ಮ ಸಂವಿಧಾನ ನ್ಯಾಯಾಲಯವನ್ನು ಕಟ್ಟುವಾಗ ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿದರು. ಜೋಹಾನ್ಸ್‌ಬರ್ಗ್ ಪಟ್ಟಣದೊಳಗೇ ಇರುವ ಒಂದು ಗುಡ್ಡ. ಅದರ ಮೇಲೆ ಸುಮಾರು ತೊಂಬತ್ತು ವರ್ಷ ನಡೆದ ಜೈಲು. ಇಡೀ ದೇಶದಲ್ಲಿ ಬೇರೆ ಜಾಗ ಸಿಗುತ್ತಿರಲಿಲ್ಲವೆ? ಅದನ್ನೇ ಆರಿಸಿಕೊಂಡರು. ಜೈಲಿನ ಒಂದು ಕಟ್ಟಡವನ್ನು ಕೆಡವಿದರು. ಕೆಡವಿದ ಇಟ್ಟಿಗೆಗಳನ್ನು ಎಸೆಯದೆ, ನ್ಯಾಯಮೂರ್ತಿಗಳು ಕೂತು ವಿಚಾರಣೆ ನಡೆಸುವ ಸಭಾಂಗಣದ ಗೋಡೆಗೇ ಬಳಸಿದರು. ಶಲ್ಯವನ್ನು ತೆಗೆಯುವುದಿರಲಿ, ಗರ್ಭಗುಡಿಯೊಳಗೇ ಇಟ್ಟರು.

ನಾನು ವಾಸ್ತು ಓದಿದವಳಲ್ಲ, ವಕೀಲಳೂ ಅಲ್ಲ. ಮಲೆನಾಡಿನ ತಾಲೂಕು ಕೋರ್ಟುಗಳಲ್ಲಿ ಟೈಪಿಸ್ಟ್ ಆಗಿ ಸೇರಿ, ಬೆಂಚ್ ಕ್ಲರ್ಕ್ ಆಗಿ, ಕಡೆಗೆ ಶಿರಸ್ತೇದಾರಳಾಗಿ ನಿವೃತ್ತಳಾದವಳು. ಮಗಳು, ಅಳಿಯ ಈಗ ಜೋಹಾನ್ಸ್‌ಬರ್ಗಿನಲ್ಲಿದ್ದಾರೆ. ಅಲ್ಲಿಗೆ ಹೋದವರನ್ನು ಎಲ್ಲರೂ ಸಿಂಹ, ಜಿರಾಫೆ ನೋಡಲು ಕರೆದುಕೊಂಡು ಹೋಗುತ್ತಾರೆ. ನನ್ನನ್ನೂ ಕರೆದುಕೊಂಡು ಹೋದರು. ಆಮೇಲೆ ಮಗಳು, "ಅಮ್ಮಾ, ನಿನಗೆ ಇನ್ನೊಂದು ಕೋರ್ಟು ತೋರಿಸ್ತೀನಿ, ಬೇಜಾರಿಲ್ಲ ತಾನೆ?" ಎಂದಳು. ಬೇಜಾರು ಯಾಕೆ, ಅಡುಗೆ ಮಾಡಿ ಸವೆದವಳು ಬೇರೆಯವರ ಮನೆಗೆ ಹೋದರೂ ಮೊದಲು ಇಣುಕುವುದು ಅಡುಗೆಮನೆಯನ್ನೇ.

ಗುಡ್ಡದ ಕಥೆ ಚಿನ್ನದಿಂದ ಶುರುವಾಗುತ್ತದೆ. 1886ರಲ್ಲಿ ಅಲ್ಲಿ ಚಿನ್ನ ಸಿಕ್ಕಿ ಊರು ಹುಟ್ಟಿತು. ಊರು ಹುಟ್ಟಿ ಕೆಲವೇ ವರ್ಷಕ್ಕೆ ಜೈಲೂ ಹುಟ್ಟಿತು. ಬ್ರಿಟಿಷರ ಕಡೆಯವರು ದಾಳಿಗೆ ಬಂದು ಸೋತ ಮೇಲೆ, ಆಗಿನ ಬೋವರ್ ಗಣರಾಜ್ಯದ ಅಧ್ಯಕ್ಷ ಪಾಲ್ ಕ್ರೂಗರ್ 1896ರಿಂದ 1899ರ ಒಳಗೆ ಜೈಲಿನ ಸುತ್ತ ಮಣ್ಣಿನ ದಿಬ್ಬ ಏರಿಸಿ ಕೋಟೆ ಮಾಡಿದ. ಆಮೇಲೆ ಬ್ರಿಟಿಷರೇ ಬಂದರು, ಕೋಟೆ ಮತ್ತೆ ಬರೀ ಜೈಲಾಯಿತು. ಬಿಳಿಯರಿಗೆ ಹಳೆಯ ಕೋಟೆ. ಕರಿಯರಿಗೆ ಪಕ್ಕದಲ್ಲಿ 'ನಂಬರ್ ಫೋರ್' ಎಂಬ ವಿಭಾಗ. ಹೆಂಗಸರಿಗೆ ಬೇರೆ ಕಟ್ಟಡ. ಇನ್ನೂ ತೀರ್ಪಾಗದ ವಿಚಾರಣಾ ಕೈದಿಗಳಿಗೆ 1928ರಲ್ಲಿ ಕಟ್ಟಿದ ಮತ್ತೊಂದು. 1983ರಲ್ಲಿ ಎಲ್ಲವನ್ನೂ ಮುಚ್ಚಿ ಹಾಳು ಬಿಟ್ಟರು.

ನಂಬರ್ ಫೋರ್ ಈಗ ವಸ್ತುಸಂಗ್ರಹಾಲಯ. ಕೈದಿಗಳಿಗೆ ಜನಾಂಗವಾರು ಕೊಡುತ್ತಿದ್ದ ಊಟದ ಪಟ್ಟಿ ಅಲ್ಲಿದೆ: ಬಿಳಿಯರಿಗೆ ಇಷ್ಟು, ಏಷ್ಯಾದವರಿಗೆ ಇಷ್ಟು, ಕರಿಯರಿಗೆ ಇಷ್ಟು. ಅಂಗಳದಲ್ಲಿ ಊಟಕ್ಕೆ ಕೂರುತ್ತಿದ್ದ ಜಾಗದ ಎದುರಿಗೇ ಮರೆಯಿಲ್ಲದ ಪಾಯಿಖಾನೆಗಳ ಸಾಲು. ಹೊರಗಿನ ಕೆಲಸದಿಂದ ಬಂದವರನ್ನು ಬೆತ್ತಲೆ ಮಾಡಿ ಕುಣಿಸಿ ಮೈ ಶೋಧಿಸುತ್ತಿದ್ದರಂತೆ. ಹೆಂಗಸರ ಜೈಲಿನಲ್ಲಿ ಕಪ್ಪು ಹೆಂಗಸರಿಗೆ ಒಳ ಉಡುಪು ಕೊಡುತ್ತಿರಲಿಲ್ಲ. ಮುಟ್ಟಿನ ದಿನಗಳಲ್ಲೂ ಅಷ್ಟೆ. ಅದನ್ನು ಓದಿ ಸ್ವಲ್ಪ ಹೊತ್ತು ಕಟ್ಟೆಯ ಮೇಲೆ ಕೂತೆ. ಆ ಕಟ್ಟಡದಲ್ಲಿ ಈಗ ಲಿಂಗ ಸಮಾನತೆಯ ಆಯೋಗದ ಕಚೇರಿಯಿದೆ.

ಇಲ್ಲಿದ್ದವರೆಲ್ಲ ಕೊಲೆಗಾರರೂ ಕಳ್ಳರೂ ಅಲ್ಲ. ಅವರೂ ಇದ್ದರು, ಆದರೆ ಬಹಳ ಮಂದಿ, ಕರಿಯರು ಓಡಾಡಲು ಸದಾ ಜೊತೆಗಿಟ್ಟುಕೊಳ್ಳಬೇಕಿದ್ದ ಪಾಸ್ ಪುಸ್ತಕ ಜೇಬಿನಲ್ಲಿ ಇಲ್ಲದೆ ಬೀದಿಯಲ್ಲಿ ಸಿಕ್ಕಿಬಿದ್ದ ಕೂಲಿಯವರು. ಅವರ ಮೊಕದ್ದಮೆಗಳು ನಿಮಿಷಗಳಲ್ಲಿ ಮುಗಿಯುತ್ತಿದ್ದವು. ಮುಗಿಸುತ್ತಿದ್ದದ್ದು ಯಾರು? ನನ್ನಂಥ ಬೆಂಚ್ ಕ್ಲರ್ಕ್ ಇದ್ದ, ಕಟಕಟೆ ಇದ್ದ, ಕೂಗುವ ಜವಾನ ಇದ್ದ ಒಂದು ಕೋರ್ಟು. ಕಾನೂನಿನ ಪ್ರಕಾರವೇ ಎಲ್ಲ ನಡೆದಿತ್ತು. ಈ ಗುಡ್ಡದಲ್ಲಿ ನಡೆದ ಪಾಪದಲ್ಲಿ ಕೋರ್ಟಿನ ಪಾಲಿದೆ ಎನ್ನುವುದನ್ನು ನೆನಪಿಟ್ಟುಕೊಳ್ಳಿ, ಮುಂದಿನ ಮಾತೆಲ್ಲ ಅದರ ಮೇಲೆ ನಿಂತಿದೆ.

ಗಾಂಧೀಜಿಯವರನ್ನು ಮೊದಲ ಸಲ ಜೈಲಿಗೆ ಹಾಕಿದ್ದು ಇಲ್ಲೇ, 1908ರ ಜನವರಿಯಲ್ಲಿ. ಏಷ್ಯಾದವರು ಬೆರಳೊತ್ತಿ ನೋಂದಣಿ ಮಾಡಿಸಿಕೊಳ್ಳಬೇಕೆಂಬ ಕಾಯಿದೆಯನ್ನು ಮುರಿದದ್ದಕ್ಕೆ ಎರಡು ತಿಂಗಳ ಸಜೆ. ಸಜೆ ಕೊಟ್ಟದ್ದು ಅವರೇ ವಕೀಲರಾಗಿ ವಾದಿಸುತ್ತಿದ್ದ ಕೋರ್ಟು. ಬೆಳಿಗ್ಗೆ ಗೀತೆ, ಮಧ್ಯಾಹ್ನ ಕುರಾನು ಓದುತ್ತ, ಸಂಜೆ ಚೀನಾದ ಒಬ್ಬ ಕ್ರೈಸ್ತ ಕೈದಿಗೆ ಬೈಬಲ್ ಹಿಡಿದು ಇಂಗ್ಲಿಷು ಹೇಳಿಕೊಡುತ್ತ ಆ ದಿನಗಳನ್ನು ಕಳೆದರು. ನೆಲ್ಸನ್ ಮಂಡೇಲಾ 1956ರಲ್ಲಿ ಒಮ್ಮೆ, 1962ರಲ್ಲಿ ಒಮ್ಮೆ ಇಲ್ಲಿದ್ದರು. ಕಂಸನ ಸೆರೆಮನೆಯಲ್ಲಿ ಹುಟ್ಟಿದವನನ್ನೇ ತೊಟ್ಟಿಲಲ್ಲಿಟ್ಟು ತೂಗುವ ನಮಗೆ, ಜೈಲು ಪುಣ್ಯಸ್ಥಳವಾಗುವುದು ಅಂಥ ವಿಚಿತ್ರವಲ್ಲ. ಆದರೆ ಕೃಷ್ಣನ ಕಥೆಯಲ್ಲಿ ಅವನು ಆ ರಾತ್ರಿಯೇ ಹೊರಗೆ ಹೋಗುತ್ತಾನೆ. ಸೆರೆಮನೆಗೆ ಆಮೇಲೆ ಏನಾಯಿತು ಎಂದು ಪುರಾಣ ಕೇಳುವವರು ಯಾರೂ ಕೇಳುವುದಿಲ್ಲ.

ಇಲ್ಲಿ ಕೇಳಿದರು. ವರ್ಣಭೇದ ಮುಗಿದು ಹೊಸ ಸಂವಿಧಾನ ಬಂದ ಮೇಲೆ ಅದನ್ನು ಕಾಯಲು ಹನ್ನೊಂದು ನ್ಯಾಯಮೂರ್ತಿಗಳ ಹೊಸ ನ್ಯಾಯಾಲಯ ಬೇಕಾಯಿತು. ಕಟ್ಟಡಕ್ಕಾಗಿ ಅಂತರರಾಷ್ಟ್ರೀಯ ಸ್ಪರ್ಧೆ ನಡೆಯಿತು. ತೀರ್ಪುಗಾರರಲ್ಲಿ ನಮ್ಮ ಚಾರ್ಲ್ಸ್ ಕೊರಿಯಾ ಇದ್ದರು. 1998ರಲ್ಲಿ ಗೆದ್ದದ್ದು ಅಲ್ಲಿಯವರೇ ಆದ ಯುವ ವಾಸ್ತುಶಿಲ್ಪಿಗಳು: ಜನಿನಾ ಮಸೋಯಾಡಾ, ಆಂಡ್ರ್ಯೂ ಮೇಕಿನ್, ಪಾಲ್ ವೈಗರ್ಸ್. ಕಟ್ಟಡವನ್ನು ತೆರೆದದ್ದು 2004ರ ಮಾರ್ಚ್ 21ರಂದು. ಆ ದಿನಾಂಕವನ್ನು ಪಂಚಾಂಗ ನೋಡಿ ಇಟ್ಟದ್ದಲ್ಲ. 1960ರ ಅದೇ ದಿನ ಶಾರ್ಪ್‌ವಿಲ್‌ನಲ್ಲಿ ಪಾಸ್ ಕಾನೂನಿನ ವಿರುದ್ಧ ನಿಂತ ಜನರ ಮೇಲೆ ಪೊಲೀಸರು ಗುಂಡು ಹಾರಿಸಿ 69 ಮಂದಿಯನ್ನು ಕೊಂದಿದ್ದರು. ಗೃಹಪ್ರವೇಶಕ್ಕೆ ಸಾವಿನ ದಿನವನ್ನು ಇಟ್ಟುಕೊಂಡವರು! ನಮ್ಮೂರ ಜೋಯಿಸರು ಕೇಳಿದ್ದರೆ ಎದ್ದೇ ಹೋಗುತ್ತಿದ್ದರು.

ಕೆಡವಿದ್ದು ವಿಚಾರಣಾ ಕೈದಿಗಳ ಕಟ್ಟಡವನ್ನು. ಅದರ ನಾಲ್ಕು ಮೆಟ್ಟಿಲು ಗೋಪುರಗಳನ್ನು ಮಾತ್ರ ಹಾಗೇ ಬಿಟ್ಟಿದ್ದಾರೆ. ಕೈದಿಗಳು ಹತ್ತಿಳಿಯುತ್ತಿದ್ದ ಮೆಟ್ಟಿಲುಗಳು ಬಯಲಿನಲ್ಲಿ ಎಲ್ಲಿಗೂ ಹೋಗದೆ ನಿಂತಿವೆ. ನಂಬರ್ ಫೋರ್‌ನ ಗೋಡೆಗೂ ಹೊಸ ಕೋರ್ಟಿಗೂ ನಡುವೆ ಅಗಲವಾದ ಮೆಟ್ಟಿಲಸಾಲು. ಅದಕ್ಕೂ ಹಳೆಯ ಜೈಲಿನ ಇಟ್ಟಿಗೆ ಹಾಸಿದ್ದಾರೆ. ಒಂದು ಕೈಗೆ ಜೈಲು, ಇನ್ನೊಂದು ಕೈಗೆ ಕೋರ್ಟಿನ ಗಾಜು, ಬಣ್ಣದ ತಗಡಿನ ಪರದೆ. ನಡುವೆ ನಾವು ಹತ್ತುತ್ತೇವೆ, ಮಂಡಿ ನೋವಿದ್ದವರು ಕಂಬಿ ಹಿಡಿದು.

ಮುಂಬಾಗಿಲು ಮರದ್ದು, ಆನೆ ಹೋಗುವಷ್ಟು ಎತ್ತರ. ಸಂವಿಧಾನದ 27 ಹಕ್ಕುಗಳನ್ನು ಅದರ ಮೇಲೆ ಕೆತ್ತಿದ್ದಾರೆ, ದೇಶದ ಹನ್ನೊಂದು ಭಾಷೆಗಳಲ್ಲಿ, ಜೊತೆಗೆ ಕೈಸನ್ನೆಯಲ್ಲಿ. ಒಳಗೆ ಹೋದರೆ ಓರೆಯಾಗಿ ನಿಂತ ಕಂಬಗಳು, ಮೇಲಿನಿಂದ ತುಂಡುತುಂಡಾಗಿ ಬೀಳುವ ಬಿಸಿಲು. ಆಫ್ರಿಕಾದ ಹಳ್ಳಿಗಳಲ್ಲಿ ಹಿರಿಯರು ಮರದ ಕೆಳಗೆ ಕೂತು ನ್ಯಾಯ ಹೇಳುತ್ತಿದ್ದರು. ಕೋರ್ಟಿನ ಲಾಂಛನವೂ ಮರದ ಕೆಳಗೆ ಸೇರಿದ ಜನವೇ. ನಮ್ಮ ಅರಳಿಕಟ್ಟೆ ನೆನಪಾಗದೆ ಇರಲಿಲ್ಲ. ಆದರೆ ಅರಳಿಕಟ್ಟೆಯ ಮೇಲೆ ಯಾರು ಕೂರುತ್ತಿದ್ದರು, ಯಾರು ಕೆಳಗೆ ದೂರದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದರು ಎಂಬುದೂ ನೆನಪಾಯಿತು. ಮರ ಎಲ್ಲರಿಗೂ ನೆರಳು ಕೊಡುತ್ತದೆ, ಕಟ್ಟೆ ಕೊಡುವುದಿಲ್ಲ.

ಸಭಾಂಗಣ ನಾನು ಎಣಿಸಿದ್ದಕ್ಕಿಂತ ಚಿಕ್ಕದು. ಗೋಡೆಗೆ ಗಿಲಾವಿಲ್ಲ, ಕೆಂಪು, ಕಂದು, ಮಸಿ ಹಿಡಿದ ಹಳೆಯ ಇಟ್ಟಿಗೆ ಹಾಗೇ ಕಾಣುತ್ತದೆ. ನ್ಯಾಯಮೂರ್ತಿಗಳ ಮೇಜಿನ ಮುಂಭಾಗಕ್ಕೆ ದನದ ಚರ್ಮ ಹೊದಿಸಿದ್ದಾರೆ, ಒಂದರ ಮಚ್ಚೆ ಇನ್ನೊಂದಕ್ಕಿಲ್ಲ. ಅದನ್ನು ನೋಡಿ ನನ್ನೊಳಗಿನ ಮಡಿ ಹೆಂಗಸಿಗೆ ಸ್ವಲ್ಪ ಮುಜುಗರವಾಯಿತು. ಮದ್ದಳೆಗೆ, ಚಂಡೆಗೆ ಇಲ್ಲದ ಮುಜುಗರ ಇದಕ್ಕೇಕೆ ಎಂದು ನಾನೇ ಸಮಾಧಾನ ಹೇಳಿಕೊಂಡೆ. ಪೀಠ ಎತ್ತರವಾಗಿಲ್ಲ. ನಿಂತು ವಾದಿಸುವ ವಕೀಲರ ಕಣ್ಣೂ ಕೂತ ನ್ಯಾಯಮೂರ್ತಿಯ ಕಣ್ಣೂ ಹೆಚ್ಚುಕಡಿಮೆ ಒಂದೇ ಮಟ್ಟಕ್ಕೆ ಬರುತ್ತವೆ. ಗೋಡೆಯುದ್ದಕ್ಕೂ ಒಂದು ಕಿರಿದಾದ ಗಾಜಿನ ಪಟ್ಟಿ ಇದೆ. ಸಭಾಂಗಣ ಹೊರಗಿನ ನೆಲಕ್ಕಿಂತ ತಗ್ಗಿನಲ್ಲಿರುವುದರಿಂದ ಆ ಪಟ್ಟಿಯಲ್ಲಿ ಕಾಣುವುದು ದಾರಿಹೋಕರ ಕಾಲುಗಳು ಮಾತ್ರ. ಬೂಟು, ಹವಾಯಿ ಚಪ್ಪಲಿ, ಶಾಲೆ ಮಕ್ಕಳ ಸಾಕ್ಸು. ಮುಖ ಕಾಣುವುದಿಲ್ಲ, ಹಾಗಾಗಿ ಯಾರು ದೊಡ್ಡವರೆಂದು ತಿಳಿಯುವುದಿಲ್ಲ.

ನನ್ನ ಕೋರ್ಟಿನಲ್ಲಿ ಹಳ್ಳಿಯವರು ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು. ಬಿಡಬೇಕೆಂದು ಯಾರೂ ಹೇಳಿರಲಿಲ್ಲ. ಹೊಸ ಮುನ್ಸೀಫರೊಬ್ಬರು "ಹಾಕ್ಕೊಂಡೇ ಬನ್ನಿ ಮಾರಾಯ್ರೆ, ಇದು ದೇವಸ್ಥಾನ ಅಲ್ಲ" ಎಂದರೂ ಕೇಳುತ್ತಿರಲಿಲ್ಲ. ನ್ಯಾಯಾಧೀಶರನ್ನು 'ಮಹಾಸ್ವಾಮಿ' ಎನ್ನುತ್ತಿದ್ದರು. ನ್ಯಾಯದೇಗುಲ ಎಂಬ ಮಾತನ್ನು ಭಾಷಣಗಳಲ್ಲಿ ಕೇಳಿದಾಗೆಲ್ಲ ನನಗೆ ಆ ಚಪ್ಪಲಿಗಳ ರಾಶಿ ಕಣ್ಣಿಗೆ ಬರುತ್ತದೆ. ದೇಗುಲ ಎಂದ ಮೇಲೆ ಅಲ್ಲಿ ಒಳಗಿನವರು, ಹೊರಗಿನವರು ಎಂದು ಆಗಲೇಬೇಕಲ್ಲ. ಆದರೂ ಒಂದು ವಿಷಯದಲ್ಲಿ ಕೋರ್ಟು ನನಗೆ ದೇಗುಲಕ್ಕಿಂತ ಉದಾರವಾಗಿತ್ತು. ತಿಂಗಳ ಮೂರು ದಿನ ಮನೆಯ ದೇವರ ಕೋಣೆಯ ಹೊಸ್ತಿಲು ದಾಟದ ನಾನು, ಅದೇ ದಿನಗಳಲ್ಲಿ ಕೋರ್ಟಿನಲ್ಲಿ ನಿಂತು ಸಾಕ್ಷಿಗಳಿಗೆ ದೇವರ ಹೆಸರಿನಲ್ಲಿ ಪ್ರಮಾಣ ಬೋಧಿಸುತ್ತಿದ್ದೆ. ದೇವರಿಗೆ ಅದರಿಂದ ಏನೂ ಆದಂತೆ ಕಾಣಲಿಲ್ಲ.

ಪ್ರಮಾಣದ ಮಾತು ಬಂತು, ಹೇಳಿಬಿಡುತ್ತೇನೆ. ಅಡಿಕೆ ತೋಟದ ಬೇಲಿಯ ತಕರಾರೊಂದು ನಮ್ಮಲ್ಲಿ ವರ್ಷಗಟ್ಟಲೆ ನಡೆಯಿತು. ಪ್ರತಿವಾದಿ ಕಟಕಟೆಗೆ ಬಂದು, ನನ್ನ ಹಿಂದೆಯೇ ಪ್ರಮಾಣದ ಪ್ರತಿ ಅಕ್ಷರ ಹೇಳಿ, ಸರಾಗವಾಗಿ ಸುಳ್ಳು ಹೇಳಿದ. ಸುಳ್ಳೆಂದು ಅವನಿಗೂ ಗೊತ್ತು, ವಾದಿಗೂ ಗೊತ್ತು, ಸರ್ವೆ ನಕ್ಷೆ ನೋಡಿದ್ದ ನನಗೂ ಗೊತ್ತು. ಮಧ್ಯಾಹ್ನ ಚಹಾದಂಗಡಿಯ ಎದುರು ವಾದಿ ಕೇಳಿದನಂತೆ: "ಇಲ್ಲಿ ಹೇಳಿದ್ದಾಯ್ತು. ಧರ್ಮಸ್ಥಳಕ್ಕೆ ಬಾ, ಅಣ್ಣಪ್ಪನ ಮುಂದೆ ನಿಂತು ಇದನ್ನೇ ಹೇಳು." ಅವನು ಹೋಗಲಿಲ್ಲ. ಮುಂದಿನ ವಾಯಿದೆಗೆ ರಾಜಿ ಅರ್ಜಿ ಬಂತು.

ನಾವು ಹೇಳಿಸಿದ್ದೂ ದೇವರ ಹೆಸರನ್ನೇ. ನಮ್ಮ ಕೋರ್ಟಿನಲ್ಲಿ ಹೆದರದವನು ಅಲ್ಲಿ ಯಾಕೆ ಹೆದರಿದ? ಈ ಪ್ರಶ್ನೆ ನನ್ನನ್ನು ಬಹಳ ಕಾಲ ಕಾಡಿದೆ. ನನಗೆ ತೋಚಿದ ಉತ್ತರ ಇಷ್ಟು: ದೈವ ಮರೆಯುವುದಿಲ್ಲ ಎಂದು ಅವನು ನಂಬಿದ್ದ; ಕೋರ್ಟು ಮರೆಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಅವನ ನಂಬಿಕೆ ಸರಿಯೋ ಏನೋ, ಎರಡನೆಯದು ಮಾತ್ರ ನಿಜ. ಅವಧಿ ತೀರಿದ ಕಡತಗಳನ್ನು ನಿಯಮದ ಪ್ರಕಾರ ನಾಶ ಮಾಡುವ ಪಟ್ಟಿ ತಯಾರಿಸಿದವಳೇ ನಾನು. ದೂಳು ಕೊಡವಿ, ನಂಬರು ಬರೆದು, ಸಹಿ ಹಾಕಿ ಕಳಿಸುತ್ತಿದ್ದೆವು. ಸರಿಯಾದ ತೀರ್ಪು, ತಪ್ಪು ತೀರ್ಪು ಎಲ್ಲ ಒಂದೇ ಮೂಟೆಯಲ್ಲಿ.

ಈಗ ಇಟ್ಟಿಗೆಗೆ ಬರೋಣ. ಮಗಳು ಸಭಾಂಗಣದಲ್ಲಿ ಪಿಸುಗುಟ್ಟಿದಳು: "ಅಮ್ಮಾ, ಇಟ್ಟಿಗೆ ಅಂದ್ರೆ ಮಣ್ಣು. ಅದಕ್ಕೇನು ಪಾಪ, ಏನು ಪುಣ್ಯ?" ಅವಳು ಹೇಳಿದ್ದು ಸರಿ. ಪಾಪ ಮಣ್ಣಿಗೆ ಅಂಟುವುದಿಲ್ಲ, ಮಾಡಿದವನಿಗೆ ಅಂಟುತ್ತದೆ ಎಂದೇ ಕರ್ಮಸಿದ್ಧಾಂತವೂ ಹೇಳುವುದು. ಆದರೆ ನಮ್ಮ ಆಚಾರ ಸಿದ್ಧಾಂತದ ಮಾತು ಕೇಳುವುದಿಲ್ಲ. ತಪ್ಪು ನಡೆದ ಮೇಲೆ ನಾವು ಮೊದಲು ತೊಳೆಯುವುದು ನೆಲವನ್ನು. ಗೋಮಯ ಸಾರಿಸಿ, ಪುಣ್ಯಾಹ ಮಾಡಿಸಿ, ಮುಟ್ಟಿದ ಪಾತ್ರೆಯನ್ನು ಹೊರಗೆ ಹಾಕಿ, ಆಯಿತು ಎಂದು ಕೈ ತೊಳೆದುಕೊಳ್ಳುತ್ತೇವೆ. ಪಾಪವನ್ನು ವಸ್ತುವಿನ ತಲೆಗೆ ಕಟ್ಟಿದರೆ ಎಷ್ಟು ಅನುಕೂಲ ನೋಡಿ; ವಸ್ತುವನ್ನು ಹೊರಗೆ ಎಸೆದರೆ ಪಾಪವೂ ಹೋಯಿತು, ಮಾಡಿದವನು ಮನೆಯೊಳಗೆ ಆರಾಮವಾಗಿ ಉಳಿದ.

ಕೋರ್ಟಿನಲ್ಲಿ ಕೆಲಸ ಮಾಡಿದವಳಿಗೆ ಇದಕ್ಕೆ ಬೇರೆ ಹೆಸರಿದೆ: ಸಾಕ್ಷ್ಯನಾಶ. ಅಪರಾಧ ಮಾಡಿದವರೇ ಅಪರಾಧದ ಜಾಗವನ್ನು ತೊಳೆಯುವುದು. ಆ ಗೋಡೆಯ ಇಟ್ಟಿಗೆಗಳನ್ನು ನಾನು ಪವಿತ್ರವೆಂದೂ ನೋಡಲಿಲ್ಲ, ಅಪವಿತ್ರವೆಂದೂ ನೋಡಲಿಲ್ಲ. ಅವು ಮುದ್ದೆಮಾಲು. ರಕ್ತದ ಕಲೆಯ ಅಂಗಿ, ಹಿಡಿ ಮುರಿದ ಕತ್ತಿ, ಒಡೆದ ಬೀಗಗಳನ್ನು ಚೀಟಿ ಅಂಟಿಸಿ ನಾವು ಬೀರುವಿನಲ್ಲಿಡುತ್ತಿದ್ದೆವು; ಮೇಲ್ಮನವಿಯ ಕೊನೆಯ ಅವಧಿ ಮುಗಿಯುವ ತನಕ ಅವನ್ನು ಮುಟ್ಟುವ ಹಾಗಿಲ್ಲ. ಜೋಹಾನ್ಸ್‌ಬರ್ಗಿನಲ್ಲಿ ಕಾನೂನೇ ಆರೋಪಿ. ಆರೋಪಿಯ ಮನೆಯಲ್ಲೇ ಮುದ್ದೆಮಾಲನ್ನು ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ. ಈ ಮೊಕದ್ದಮೆಗೆ ಮೇಲ್ಮನವಿಯ ಅವಧಿ ಮುಗಿಯುವುದಿಲ್ಲ ಎಂದು ಅವರು ತೀರ್ಮಾನಿಸಿದ ಹಾಗಿದೆ.

ಕಟ್ಟಡದಲ್ಲಿರುವ ಕಲಾಕೃತಿಗಳಲ್ಲೂ ಇದೇ ಛಲ ಕಾಣುತ್ತದೆ. ಅವನ್ನು ಸೇರಿಸುವ ಕೆಲಸದಲ್ಲಿ ಮುಂದೆ ನಿಂತವರು ನ್ಯಾಯಮೂರ್ತಿ ಆಲ್ಬಿ ಸ್ಯಾಕ್ಸ್. 1988ರಲ್ಲಿ ಮಪೂಟೊದಲ್ಲಿ ಅವರ ಕಾರಿಗೆ ಇಟ್ಟ ಬಾಂಬಿನಲ್ಲಿ ಬಲಗೈಯನ್ನೂ ಒಂದು ಕಣ್ಣಿನ ದೃಷ್ಟಿಯನ್ನೂ ಕಳೆದುಕೊಂಡವರು. ಅಲ್ಲಿ ಜೂಡಿತ್ ಮೇಸನ್ ಎಂಬ ಕಲಾವಿದೆ ನೀಲಿ ಪ್ಲಾಸ್ಟಿಕ್ ಚೀಲಗಳನ್ನು ಹೊಲಿದು ಮಾಡಿದ ಒಂದು ಉಡುಪು ತೂಗುತ್ತದೆ. ಫಿಲಾ ಎನ್‌ಡ್ವಾಂಡ್ವೆ ಎಂಬ ಹೋರಾಟಗಾರ್ತಿಯನ್ನು ಭದ್ರತಾ ಪೊಲೀಸರು ಹಿಡಿದು ಬೆತ್ತಲೆ ಮಾಡಿ ಹಿಂಸಿಸಿ ಕೊಂದರು. ಅವಳು ಕೈಗೆ ಸಿಕ್ಕ ನೀಲಿ ಪ್ಲಾಸ್ಟಿಕ್ ಚೀಲವೊಂದರಿಂದ ಮಾನ ಮುಚ್ಚಿಕೊಂಡಿದ್ದಳು. ಸತ್ಯ ಮತ್ತು ಸಂಧಾನ ಆಯೋಗದ ಮುಂದೆ ಇದು ಹೊರಬಂತು. ದ್ರೌಪದಿಗೆ ಅಕ್ಷಯವಸ್ತ್ರ ಬಂತು ಎಂದು ಕೇಳಿ ಬೆಳೆದವಳು ನಾನು. ಬಾರದಿದ್ದವಳ ಕಥೆ ಇದು. ಸಭೆಯಲ್ಲಿ ಸುಮ್ಮನೆ ಕೂತಿದ್ದ ಭೀಷ್ಮರ ಪರಂಪರೆಯವರೇ ಈ ಉಡುಪನ್ನು ತಮ್ಮ ಮನೆಯೊಳಗೆ ತೂಗುಹಾಕಿಕೊಂಡಿದ್ದಾರೆ.

ಇನ್ನು ಒಂದು ಆಕ್ಷೇಪ. ಅಳಿಯ ಎತ್ತಿದ್ದು, ಸರಿಯಾದದ್ದೇ. ಈ ನ್ಯಾಯಾಲಯದ ಹೆಸರು ಜಗತ್ತಿಗೆಲ್ಲ ತಿಳಿಯುವಂತೆ ಮಾಡಿದ ತೀರ್ಪುಗಳು ಈ ಕಟ್ಟಡದಲ್ಲಿ ಹುಟ್ಟಿದವೇ ಅಲ್ಲ. 1995ರ ಫೆಬ್ರವರಿಯಲ್ಲಿ ಮಂಡೇಲಾ ನ್ಯಾಯಾಲಯವನ್ನು ಉದ್ಘಾಟಿಸಿದ್ದು ಬ್ರಾಂಪಾರ್ಕ್ ಎಂಬ ಕಚೇರಿ ಸಂಕೀರ್ಣದಲ್ಲಿ. ಅವರ ಮೊಕದ್ದಮೆಯಲ್ಲಿ ಹಿಂದೆ ಅವರ ಪರ ನಿಂತಿದ್ದ ಆರ್ಥರ್ ಚಾಸ್ಕಲ್ಸನ್ ಮೊದಲ ಅಧ್ಯಕ್ಷರು. ಮರುದಿನವೇ ಶುರುವಾದ ಮೊದಲ ವಿಚಾರಣೆ ಮರಣದಂಡನೆಯದು. ಜೂನ್ 6ರಂದು ಹನ್ನೊಂದು ಮಂದಿಯೂ ಒಮ್ಮತದಿಂದ ಗಲ್ಲನ್ನು ರದ್ದು ಮಾಡಿದರು. ನಮ್ಮ ಸುಪ್ರೀಂ ಕೋರ್ಟು 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಗಲ್ಲನ್ನು ಉಳಿಸಿಕೊಂಡ ತೀರ್ಪನ್ನೂ ಅವರು ಓದಿ, ಚರ್ಚಿಸಿ, ಬೇರೆ ದಾರಿ ಹಿಡಿದರು. 2000ದಲ್ಲಿ, ಗುಡಿಸಲು ಕಿತ್ತುಹಾಕಿಸಿಕೊಂಡು ಬೀದಿಗೆ ಬಿದ್ದ ಐರೀನ್ ಗ್ರೂಟ್‌ಬೂಮ್ ಮತ್ತಿತರರ ಪ್ರಕರಣದಲ್ಲಿ, ಇಂಥವರನ್ನು ಮರೆತ ವಸತಿ ಯೋಜನೆ ಸಂವಿಧಾನಕ್ಕೆ ಒಪ್ಪುವುದಿಲ್ಲ ಎಂದದ್ದೂ ಆ ಕಚೇರಿಯಿಂದಲೇ. ಬರೆದವರು ನ್ಯಾಯಮೂರ್ತಿ ಜ್ಯಾಕ್ ಯಾಕೂಬ್, ಡರ್ಬನ್ನಿನ ಭಾರತೀಯ ಮೂಲದವರು, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡವರು. ಮುಂದೆ ಹೊಸ ಕಟ್ಟಡದಲ್ಲೂ ವರ್ಷಗಟ್ಟಲೆ ಕೂತರು. ಇಟ್ಟಿಗೆಯ ಬಣ್ಣ, ಗಾಜಿನಾಚೆಯ ಕಾಲುಗಳು ಅವರಿಗೆ ಕಂಡವುಗಳಲ್ಲ. ಕಾಣಬೇಕಾದದ್ದು ಕಂಡಿತ್ತು.

ಹಾಗಾದರೆ ಕಟ್ಟಡ ಯಾಕೆ? ಕಟ್ಟಡದಿಂದ ಗ್ರೂಟ್‌ಬೂಮ್‌ಗೂ ಏನೂ ಆಗಲಿಲ್ಲ. ಮನೆಯ ಹಕ್ಕನ್ನು ಗೆದ್ದುಕೊಟ್ಟ ಆ ಹೆಂಗಸು 2008ರಲ್ಲಿ ಗುಡಿಸಲಿನಲ್ಲೇ ಸತ್ತಳು, ಮನೆ ಸಿಗದೆ. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎಂಬ ನಮ್ಮ ಗಾದೆಗೆ ಇವಳು ಇನ್ನೊಂದು ಸಾ‌ಲು ಸೇರಿಸಿದಳು. ಗುಡ್ಡದ ಬದಿಯ ಹಿಲ್‌ಬ್ರೋ ಬಡಾವಣೆಯ ಬಡತನ ಗೋಡೆಯಾಚೆಗೇ ಇದೆ. ಆ ಬೀದಿಯಲ್ಲಿ ನಾನು ಒಬ್ಬಳೇ ನಡೆಯಬಾರದೆಂದು ಅಳಿಯ ಹಟ ಹಿಡಿದಿದ್ದ. 2022ರ ಜನವರಿಯಲ್ಲಿ ಒಬ್ಬ ಸುತ್ತಿಗೆ ಹಿಡಿದು ಬಂದು ಈ ಕೋರ್ಟಿನ ಕಿಟಕಿ ಗಾಜುಗಳನ್ನೇ ಒಡೆದ.

ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಒಳ್ಳೆಯ ತೀರ್ಪಿಗೆ ಒಳ್ಳೆಯ ಕಟ್ಟಡ ಬೇಕಿಲ್ಲ. ನಾನು ಕೆಲಸ ಮಾಡಿದ ಒಂದು ಕೋರ್ಟಿನ ಮಾಡು ಮಳೆಗಾಲವಿಡೀ ಸೋರುತ್ತಿತ್ತು, ಅಲ್ಲೇ ಕೆಲವು ಬಹಳ ಒಳ್ಳೆಯ ತೀರ್ಪುಗಳನ್ನು ಟೈಪ್ ಮಾಡಿದ್ದೇನೆ. ಆದರೆ ಕಚೇರಿಯಲ್ಲಿ ಕೂತ ಆ ಮೊದಲ ಹನ್ನೊಂದು ಮಂದಿಗೆ ನೆನಪು ಸ್ವಂತದ್ದಾಗಿತ್ತು. ಅವರಲ್ಲಿ ಕೆಲವರು ಆ ಕಾನೂನಿನ ಏಟು ತಿಂದವರು, ಕೆಲವರು ಅದರ ಎದುರು ವಾದಿಸಿದವರು, ಕೆಲವರು ಅದೇ ಕಾನೂನಿನ ಪೀಠದಲ್ಲಿ ಕೂತಿದ್ದವರು. ಅವರಿಗೆ ಗೋಡೆ ಬೇಕಿರಲಿಲ್ಲ. ಅವರ ನಂತರ ಬರುವವರಿಗೆ, ಜೈಲು ಕಂಡಿರದವರಿಗೆ, ಅಧಿಕಾರ ಮಾತ್ರ ಕಂಡವರಿಗೆ ಗೋಡೆ ಬೇಕು.

ಮಾಡಿದ್ದರ ಗುರುತನ್ನು ಎಲ್ಲರಿಗೂ ಕಾಣುವಂತೆ ಹೊತ್ತು ತಿರುಗುವುದು ಶಿವನಿಗೂ ಒಮ್ಮೆ ಬಂದಿತ್ತು. ಬ್ರಹ್ಮನ ಐದನೆಯ ತಲೆ ಕಡಿದದ್ದು ಅಹಂಕಾರಕ್ಕೆ ಕೊಟ್ಟ ಶಿಕ್ಷೆ. ಆದರೂ ಆ ಕಪಾಲ ಕೈಗೆ ಅಂಟಿಕೊಂಡಿತು. ಶಿವ ಅದನ್ನು ಬಚ್ಚಿಡಲಿಲ್ಲ. ಅದರಲ್ಲೇ ಭಿಕ್ಷೆ ಬೇಡಿದ, ಮನೆಮನೆಗೆ ತೋರಿಸಿಕೊಂಡು ತಿರುಗಿದ, ಕಾಶಿಯಲ್ಲಿ ಅದು ಕಳಚಿ ಬೀಳುವ ತನಕ. ನಮ್ಮ ಹೊಯ್ಸಳ ಗುಡಿಗಳ ಗೋಡೆಯ ಮೇಲೆ ಕಪಾಲ ಹಿಡಿದ ಭೈರವನನ್ನು ಎಷ್ಟು ಚೆಂದ ಕಡೆದಿದ್ದಾರೆ! ಶಲ್ಯ ತೆಗೆದು ಶುದ್ಧ ಮಾಡಿದ ನೆಲದ ಮೇಲೆ ಕಟ್ಟಿದ ಗುಡಿಯ ಗೋಡೆಯಲ್ಲೇ, ದೇವರ ಕೈಯಲ್ಲೇ, ತಲೆಬುರುಡೆ. ನಮ್ಮ ಧರ್ಮದಲ್ಲಿ ಎರಡೂ ಇವೆ. ತಂತ್ರಿಗಳು ಒಂದನ್ನು ಇಟ್ಟುಕೊಂಡರು, ಶಿಲ್ಪಿಗಳು ಇನ್ನೊಂದನ್ನು.

ನಮ್ಮ ನ್ಯಾಯಾಲಯಗಳು ಇಟ್ಟುಕೊಂಡದ್ದು ತಂತ್ರಿಗಳದ್ದನ್ನು. ದೆಹಲಿಯ ಸುಪ್ರೀಂ ಕೋರ್ಟ್ ಕಟ್ಟಡ ಬಳಕೆಗೆ ಬಂದದ್ದು 1958ರಲ್ಲಿ. ಗಣೇಶ ಭಿಕಾಜಿ ದೇವಲಾಲಿಕರ್ ಅವರ ವಿನ್ಯಾಸ, ಮೇಲೆ ಗುಮ್ಮಟ, ನಕ್ಷೆಗೆ ತಕ್ಕಡಿಯ ಆಕಾರ. ಚೆನ್ನಾಗಿದೆ, ಗಂಭೀರವಾಗಿದೆ. ಈಚಿನ ವರ್ಷಗಳಲ್ಲಿ ಅಲ್ಲಿಯ ನ್ಯಾಯಮೂರ್ತಿಗಳ ಗ್ರಂಥಾಲಯದಲ್ಲಿ ಕಣ್ಣಿನ ಪಟ್ಟಿಯಿಲ್ಲದ, ಕತ್ತಿಯ ಬದಲು ಸಂವಿಧಾನ ಹಿಡಿದ ನ್ಯಾಯದೇವತೆಯನ್ನೂ ತಂದಿಟ್ಟರು. ಆ ತೆರೆದ ಕಣ್ಣು ಏನನ್ನು ನೋಡಬೇಕು?

1975ರ ಜೂನಿನಲ್ಲಿ ತುರ್ತು ಪರಿಸ್ಥಿತಿ ಬಂದಾಗ ವಾಜಪೇಯಿ, ಆಡ್ವಾಣಿ, ಮಧು ದಂಡವತೆಯವರನ್ನು ಹಿಡಿದಿಟ್ಟದ್ದು ನಮ್ಮ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. 'ಸಂಸ್ಕಾರ' ಚಿತ್ರದಲ್ಲಿ ಚಂದ್ರಿಯಾಗಿದ್ದ ಸ್ನೇಹಲತಾ ರೆಡ್ಡಿಯವರೂ ಅಲ್ಲಿದ್ದರು. ಅಸ್ತಮಾ ಉಲ್ಬಣಿಸಿ, ಹೊರಗೆ ಬಿಟ್ಟ ಮೇಲೆ ಹೆಚ್ಚು ದಿನ ಬದುಕದೆ 1977ರ ಜನವರಿಯಲ್ಲಿ ತೀರಿಕೊಂಡರು. ಹೆಣಕ್ಕೆ ಸಂಸ್ಕಾರ ಮಾಡುವವರಾರು ಎಂದು ಅಗ್ರಹಾರ ಚರ್ಚಿಸುತ್ತ ಕೂತ ಕಥೆಯಲ್ಲಿ, ಚರ್ಚೆ ಮಾಡದೆ ಕೆಲಸ ಮುಗಿಸಿದವಳು ಚಂದ್ರಿ. ತುರ್ತು ಪರಿಸ್ಥಿತಿಯಲ್ಲಿ ಹೀಗೆ ಸೆರೆಯಾದವರನ್ನು ವಿಚಾರಣೆಯಿಲ್ಲದೆ ಹಿಡಿದಿಡಬಹುದೇ, ಅವರು ಕೋರ್ಟಿಗೆ ಬರಬಹುದೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. 1976ರ ಏಪ್ರಿಲ್ 28ರಂದು ಐವರಲ್ಲಿ ನಾಲ್ವರು, ಬರುವಂತಿಲ್ಲ ಎಂದರು. ಎಚ್. ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರನ್ನು ದಾಟಿ ಕಿರಿಯರಿಗೆ ಹೋಯಿತು, ಅವರು ರಾಜೀನಾಮೆ ಕೊಟ್ಟರು.

ಖನ್ನಾ ಅವರ ಭಾವಚಿತ್ರ ಇವತ್ತಿಗೂ ಸುಪ್ರೀಂ ಕೋರ್ಟಿನ ಎರಡನೇ ನಂಬರ್ ಹಾಲ್‌ನಲ್ಲಿದೆ. ಸಂತೋಷ. ಆದರೆ ನೋಡಿ, ಪುಣ್ಯ ಮಾಡಿದ ಒಬ್ಬರ ಪಟ ಹಾಕಿದ್ದೇವೆ; ನಾಲ್ವರು ಬರೆದದ್ದು ಮಾತ್ರ ಲಾ ರಿಪೋರ್ಟಿನ ಪುಟಗಳಲ್ಲಿ ಮಲಗಿದೆ. 2017ರ ಆಗಸ್ಟ್ 24ರಂದು, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಅರ್ಜಿಯಲ್ಲಿ, ಒಂಬತ್ತು ಮಂದಿಯ ಪೀಠ ಆ ತೀರ್ಪನ್ನು ತಳ್ಳಿಹಾಕಿತು. ಹಾಗೆ ಬರೆದ ಡಿ. ವೈ. ಚಂದ್ರಚೂಡ್ ಅವರ ತಂದೆ ವೈ. ವಿ. ಚಂದ್ರಚೂಡ್ ಆ ನಾಲ್ವರಲ್ಲಿ ಒಬ್ಬರು. ಇನ್ನೊಬ್ಬರಾದ ಪಿ. ಎನ್. ಭಗವತಿಯವರು ವೃದ್ಧಾಪ್ಯದಲ್ಲಿ, ಅಂದು ಮಾಡಿದ್ದು ತಪ್ಪು ಎಂದು ಬಹಿರಂಗವಾಗಿ ಹೇಳಿಕೊಂಡರು. ಶ್ರಾದ್ಧ ಮಾಡುವ ಮಗನೂ ಸಿಕ್ಕ, ತಪ್ಪೊಪ್ಪಿಗೆಯೂ ಸಿಕ್ಕಿತು. ಕಪಾಲ ಮಾತ್ರ ಯಾರ ಕೈಯಲ್ಲೂ ಕಾಣುವುದಿಲ್ಲ. ಬೆಂಗಳೂರಿನ ಆ ಜೈಲು 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಜನ ಅಲ್ಲಿ ಧರಣಿ ಕೂರುತ್ತಾರೆ, ಕೆಲವರು ಬೆಳಿಗ್ಗೆ ವಾಕಿಂಗ್ ಮಾಡುತ್ತಾರೆ. ಅದು ಒಳ್ಳೆಯದೇ ಆಯಿತು. ಆದರೆ ಸೆರೆಯಾದವರ ನೆನಪು ಉದ್ಯಾನಕ್ಕೆ ಬಂತು, ಸೆರೆಯನ್ನು ಸರಿಯೆಂದ ಕೋರ್ಟಿನ ಅಂಗಳಕ್ಕೆ ಬರಲಿಲ್ಲ.

ನನ್ನ ಬೇಡಿಕೆ ದೊಡ್ಡದೇನೂ ಅಲ್ಲ. ದೆಹಲಿಯ ಎರಡನೇ ನಂಬರ್ ಹಾಲ್‌ನಲ್ಲಿ, ಖನ್ನಾ ಅವರ ಪಟದ ಪಕ್ಕದಲ್ಲಿ, 1976ರ ಬಹುಮತದ ತೀರ್ಪಿನ ಮೊದಲ ಪುಟವನ್ನೂ ನಾಲ್ಕು ಹೆಸರುಗಳ ಸಮೇತ ಚೌಕಟ್ಟು ಹಾಕಿ ತೂಗುಹಾಕಬೇಕು. ಹೊಸ ನ್ಯಾಯಾಲಯ ಸಂಕೀರ್ಣಗಳಿಗೆ ಗ್ರಾನೈಟ್ ಹಾಸುವ ಲೋಕೋಪಯೋಗಿ ಇಲಾಖೆಯವರು ಹಳೆಯ ಕಟ್ಟಡದ ಒಂದು ಗೋಡೆಯನ್ನಾದರೂ, ಒಂದು ಕಟಕಟೆಯನ್ನಾದರೂ ಉಳಿಸಬೇಕು. ಇನ್ನು ತಾಲೂಕು ಕೋರ್ಟುಗಳಲ್ಲಿ ಕಡತ ನಾಶದ ಪಟ್ಟಿಗೆ ಸಹಿ ಹಾಕುವ ಶಿರಸ್ತೇದಾರರಲ್ಲಿ ಒಂದು ಮಾತು: ನಿಯಮದಂತೆ ಕಳಿಸುವುದನ್ನು ಕಳಿಸಿ, ಆದರೆ ಮೇಲಿನ ಕೋರ್ಟಿನಲ್ಲಿ ಬಿದ್ದುಹೋದ ನಿಮ್ಮ ಕೋರ್ಟಿನ ಒಂದು ತೀರ್ಪನ್ನು ಸಾಹೇಬರ ಅಪ್ಪಣೆ ಪಡೆದು ಉಳಿಸಿಕೊಳ್ಳಿ. ಹೊಸದಾಗಿ ಬರುವ ನ್ಯಾಯಾಧೀಶರಿಗೆ ಮೊದಲ ದಿನ ಚಾರ್ಜ್ ಕೊಡುವಾಗ ಬೀಗದ ಕೈಗಳ ಜೊತೆ ಅದನ್ನೂ ಅವರ ಮೇಜಿನ ಮೇಲಿಡಿ.